ಎಲೆ ಸೊಂಪಾಗಿದೆ, ಗಡ್ಡೆ ಎಲ್ಲಿ? ಬಕೆಟ್ ಆಲೂಗಡ್ಡೆಗೆ ಒಂದು ದೋಷ ನಿವಾರಣೆ ಕೈಪಿಡಿ

ಮುಂಬೈ ಹತ್ತಿರದ ಡೊಂಬಿವಲಿಯ ಬಾಲ್ಕನಿಯಲ್ಲಿ ಮೊದಲ ಸಲ ಆಲೂಗಡ್ಡೆ ಬಕೆಟ್ ಬೋರಲು ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕೆಳಗೆ ಹಳೇ ಗೋಣಿಚೀಲ ಹಾಸಿದ್ದೆ. ಗಿಡ ಮೊಣಕಾಲು ದಾಟಿ ಬೆಳೆದಿತ್ತು. ಎಲೆ ಕಡುಹಸಿರು, ಒಂದು ಚುಕ್ಕೆ ಇಲ್ಲ. ಪಕ್ಕದ ಮನೆಯ ಕಾಕು ಪಾತ್ರೆ ಹಿಡಿದುಕೊಂಡೇ ಬಂದಿದ್ದರು. ಮಣ್ಣು ಕೆದಕಿದಾಗ ಸಿಕ್ಕಿದ್ದು ಏಳು ಗಡ್ಡೆ, ಒಂದೊಂದೂ ಗೋಲಿಯಷ್ಟು. ಉಳಿದದ್ದೆಲ್ಲ ಬಿಳಿ ದಾರದಂಥ ಎಳೆ. ಆ ಎಳೆಗಳಲ್ಲಿ ಮೂರು ನಾಲ್ಕು ಮಣ್ಣಿನಿಂದ ಮೇಲೆ ಬಂದು ತಾವೂ ಎಲೆ ಬಿಟ್ಟಿದ್ದವು.

ನಮ್ಮದು ಹಾಸನದ ಕಡೆ. ಆಲೂಗಡ್ಡೆ ಹೊಲದ ಬದುವಿನಲ್ಲೇ ಓಡಾಡಿ ಬೆಳೆದವಳು ನಾನು. ಮೇ ಕೊನೆ, ಜೂನ್ ಶುರುವಿನಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆ ಎಪಿಎಂಸಿಯಿಂದ ತಂದು ಮನೆಮಂದಿಯೆಲ್ಲ ಕೂತು ಕತ್ತರಿಸುತ್ತಿದ್ದೆವು. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಡೊಂಬಿವಲಿಯಲ್ಲೂ ಜೂನ್‌ನಲ್ಲೇ ನೆಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ. ಅದು ತಿಳಿಯುವುದಕ್ಕೆ ಮಾತ್ರ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನಾನು ಎಲೆಗೆ ಔಷಧಿ ಹುಡುಕುತ್ತಿದ್ದೆ.

ಈಗ ಪುಣೆಗೆ ಬಂದು ಆರು ವರ್ಷ ಆಯ್ತು. ಕೋಥ್ರೂಡ್‌ನ ಟೆರೇಸಿನಲ್ಲಿ ಅದೇ 20 ಲೀಟರಿನ ಪೇಂಟ್ ಬಕೆಟ್‌ಗಳಲ್ಲಿ ಪ್ರತಿ ಚಳಿಗಾಲ ಆಲೂಗಡ್ಡೆ ತೆಗೆಯುತ್ತಿದ್ದೇನೆ. ಮುಂಬೈ, ಠಾಣೆ, ಗೋವಾ ಕಡೆಯ ನಮ್ಮವರು ಫೋಟೋ ಕಳಿಸಿ ಕೇಳುತ್ತಿರುತ್ತಾರೆ. ಕಳಿಸುವ ಫೋಟೋ ಯಾವಾಗಲೂ ಎಲೆಯದ್ದು. ಆದರೆ ಈ ಗಿಡದ ಕಾಯಿಲೆ ಎಲೆಯಲ್ಲಿ ಕಂಡರೂ ಅದರ ಬುಡ ಬಹುಪಾಲು ಬಕೆಟ್ಟಿನೊಳಗೇ ಇರುತ್ತದೆ.

ಔಷಧಿಗೆ ಮೊದಲು ಮೂರು ಪ್ರಶ್ನೆ

ಯಾರು ಕೇಳಿದರೂ ನಾನು ಮೊದಲು ಕೇಳುವುದು ನಾಟಿಯ ತಾರೀಕು. ಅದು ಗೊತ್ತಿಲ್ಲದಿದ್ದರೆ ಅರ್ಧ ಉತ್ತರ ಸಿಗುವುದಿಲ್ಲ. ಎಲೆ ಹಳದಿಯಾಗುವುದು 30ನೇ ದಿನ ರೋಗ, 85ನೇ ದಿನ ಹಣ್ಣಾದ ಲಕ್ಷಣ. ಹಾಗಾಗಿ ನೆಟ್ಟ ದಿನವೇ ಬಕೆಟ್ಟಿನ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದುಬಿಡಿ.

ಎರಡನೆಯದು, ಬೆರಳು ಇಳಿಸಿದರೆ ಏನು ಸಿಗುತ್ತದೆ? ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಮೇಲೆ ಒಣಗಿ ಒಳಗೆ ಹದವಾಗಿದ್ದರೆ ಸರಿ. ಬೆರಳಿಗೆ ಕೆಸರು ಮೆತ್ತಿಕೊಂಡರೆ ನೀರು ಜಾಸ್ತಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಮಣ್ಣಿನಲ್ಲಿ ಇದು ಉಲ್ಟಾ ಮೋಸ ಮಾಡುತ್ತದೆ. ಮೇಲ್ಪದರ ಪುಡಿಪುಡಿ ಒಣಗಿ ಕಾಣುತ್ತದೆ, ಕೆಳಗೆ ನೀರು ನಿಂತಿರುತ್ತದೆ. ಆಗ ಬಕೆಟ್ಟನ್ನೇ ಸ್ವಲ್ಪ ಎತ್ತಿ ನೋಡಿ. ನೀರು ಹಾಕಿದ ದಿನ ಒಮ್ಮೆ, ಎರಡು ದಿನ ಬಿಟ್ಟು ಒಮ್ಮೆ ಎತ್ತಿದರೆ ಭಾರದ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಮೂರನೆಯದು, ಮಧ್ಯಾಹ್ನ ಮೂರು ಗಂಟೆಗೆ ಮಣ್ಣು ಎಷ್ಟು ಬಿಸಿ? ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಒಂದಿದ್ದರೆ ಬಕೆಟ್ಟಿನ ಗೋಡೆಯಿಂದ ನಾಲ್ಕು ಬೆರಳು ಒಳಗೆ ಚುಚ್ಚಿ ನೋಡಿ. ನಮ್ಮ ಟೆರೇಸಿನಲ್ಲಿ ಹೋದ ವರ್ಷ ನವೆಂಬರಿನ ಒಂದು ದಿನ ಕಪ್ಪು ಗ್ರೋ ಬ್ಯಾಗಿನಲ್ಲಿ 37 ಡಿಗ್ರಿ ಇತ್ತು. ಅದರ ಪಕ್ಕದಲ್ಲೇ ಇದ್ದ, ಹೊರಗೆ ಸುಣ್ಣ ಬಳಿದ ಬಕೆಟ್ಟಿನಲ್ಲಿ 28. ಬಿಸಿಲು ಒಂದೇ, ಗಡ್ಡೆಯ ತಳಿ ಒಂದೇ. ಸುಗ್ಗಿಯಲ್ಲಿ ಕಪ್ಪು ಬ್ಯಾಗ್ ಕೊಟ್ಟಿದ್ದು ಇನ್ನೊಂದರ ಅರ್ಧಕ್ಕಿಂತ ಕಡಿಮೆ. ಹೊಲದಲ್ಲಿ ಗಡ್ಡೆಯ ಸುತ್ತ ಭೂಮಿ ಇರುತ್ತದೆ, ಬಿಸಿ ತಟ್ಟುವುದಿಲ್ಲ. ಬಕೆಟ್ಟಿನಲ್ಲಿ ನಾಲ್ಕೂ ಕಡೆಯಿಂದ ಬಿಸಿಲು ಹೊಡೆಯುತ್ತದೆ.

ಗಿಡ ಎತ್ತರ, ಗಡ್ಡೆ ಇಲ್ಲ

ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಕಾರಣ ನಾಲ್ಕು ಇರಬಹುದು. ಮೊದಲನೆಯದು ಬೇರೆಲ್ಲದಕ್ಕಿಂತ ದೊಡ್ಡದು.

ಅದು ರಾತ್ರಿಯ ಸೆಕೆ. ಹಗಲು ಎಲೆ ತಯಾರಿಸಿದ ಸಕ್ಕರೆ ಕೆಳಗಿಳಿದು ಗಡ್ಡೆಯಲ್ಲಿ ಹಿಟ್ಟಾಗಿ ಕೂಡಬೇಕು. ರಾತ್ರಿ ತಂಪಿದ್ದರೆ ಅದು ಸಲೀಸಾಗಿ ನಡೆಯುತ್ತದೆ. ರಾತ್ರಿಯೂ ಬೆವರುವಷ್ಟು ಸೆಕೆ ಇದ್ದರೆ ಗಿಡ ಆ ಸಕ್ಕರೆಯನ್ನು ಉಸಿರಾಟಕ್ಕೇ ಸುಟ್ಟುಕೊಳ್ಳುತ್ತದೆ. ಗಡ್ಡೆ ಕಟ್ಟು ಎಂದು ಎಲೆಯಿಂದ ಕೆಳಗೆ ಹೋಗಬೇಕಾದ ಸೂಚನೆಯೂ ಕುಗ್ಗುತ್ತದೆ. ರಾತ್ರಿ 20 ಡಿಗ್ರಿಗಿಂತ ಕೆಳಗಿದ್ದರೆ ಆಲೂಗಡ್ಡೆ ಚೆನ್ನಾಗಿ ಕಟ್ಟುತ್ತದೆ. 22 ದಾಟಿದರೆ ಎಲೆಯೇ ಎಲೆ. ಮಣ್ಣಿನೊಳಗಿನ ಬಳ್ಳಿ, ಅಂದರೆ ಆ ಬಿಳಿ ಎಳೆ, ತುದಿಯಲ್ಲಿ ದಪ್ಪಗಾಗುವ ಬದಲು ಮೇಲೆ ಬಂದು ಹೊಸ ಚಿಗುರಾಗಿಬಿಡುತ್ತದೆ. ನನ್ನ ಡೊಂಬಿವಲಿ ಬಕೆಟ್ಟಿನಲ್ಲಿ ಆಗಿದ್ದು ಅದೇ. ಮುಖ್ಯ ಕಾಂಡದಿಂದ ಒಂದು ಗೇಣು ದೂರದಲ್ಲಿ, ಬಕೆಟ್ಟಿನ ಅಂಚಿನಲ್ಲಿ ಒಂಟಿ ಚಿಗುರು ಕಂಡರೆ ಸೆಕೆಯ ಗುರುತು ಅಂತ ತಿಳಿಯಿರಿ. ಬೇರೆ ಪರೀಕ್ಷೆ ಬೇಕಿಲ್ಲ.

ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಳೆಗಾಲದ ರಾತ್ರಿ ಅಲ್ಲಿ ಕಂಬಳಿ ಬೇಕು. ಮುಂಬೈಯ ಜೂನ್, ಜುಲೈ ರಾತ್ರಿ 25ರ ಆಸುಪಾಸಿನಲ್ಲೇ ಇರುತ್ತದೆ. ಊರಿನ ಪಂಚಾಂಗ ಕರಾವಳಿಗೆ ನಡೆಯುವುದಿಲ್ಲ.

ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 10ರಿಂದ 13 ಡಿಗ್ರಿ ಸಾಮಾನ್ಯ. ಇಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ನೆಟ್ಟರೆ ಗಡ್ಡೆ ಕಟ್ಟುವ ಹೊತ್ತು ಸರಿಯಾಗಿ ಚಳಿಗೆ ಬೀಳುತ್ತದೆ. ಮುಂಬೈಯಲ್ಲಿ ಜನವರಿಯ ರಾತ್ರಿ 16ರಿಂದ 18. ಅಲ್ಲಿ ನವೆಂಬರ್ ಎರಡನೇ ಮೂರನೇ ವಾರ ನೆಡಬೇಕು, ಫೆಬ್ರವರಿ ಮುಗಿಯುವುದರೊಳಗೆ ಕೀಳಬೇಕು. ಗೋವಾ ಇನ್ನೂ ಕಷ್ಟ. ಜನವರಿಯಲ್ಲೂ ರಾತ್ರಿ 20ರ ಆಸುಪಾಸು.

ವಾಸ್ಕೋದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೋದ ವರ್ಷ ಏಪ್ರಿಲ್‌ನಲ್ಲಿ ಫೋನ್ ಮಾಡಿದ್ದಳು.

"ಅಕ್ಕ, ಗಿಡ ನೋಡಿದ್ರೆ ಕಣ್ಣು ತುಂಬುತ್ತೆ. ಅಗೆದ್ರೆ ಏನೂ ಇಲ್ಲ."

"ಯಾವತ್ತು ನೆಟ್ಟೆ?"

"ಸಂಕ್ರಾಂತಿ ಮುಗಿಸ್ಕೊಂಡು."

"ಬಕೆಟ್ ಎಲ್ಲಿದೆ?"

"ಟೆರೇಸಲ್ಲಿ, ನೀರಿನ ಟ್ಯಾಂಕ್ ಪಕ್ಕ. ಕಪ್ಪು ಟ್ಯಾಂಕ್."

ಅಷ್ಟು ಸಾಕಾಯ್ತು. ಸಂಕ್ರಾಂತಿ ಆದಮೇಲೆ ಗೋವಾದಲ್ಲಿ ದಿನದಿನಕ್ಕೆ ಸೆಕೆ ಏರುತ್ತದೆ. ಜೊತೆಗೆ ಹಗಲೆಲ್ಲ ಕಾದ ಟ್ಯಾಂಕ್ ರಾತ್ರಿಯೂ ಆ ಬಕೆಟ್ಟಿಗೆ ಬಿಸಿ ಕೊಡುತ್ತಿತ್ತು. ಅದೇ ವರ್ಷ ನವೆಂಬರ್ 20ಕ್ಕೆ ಮತ್ತೆ ನೆಡಿಸಿದೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಬಾಲ್ಕನಿಗೆ ಬಕೆಟ್ ಇಳಿಸಿದೆವು. ಬಕೆಟ್ಟಿನ ಸುತ್ತ ಒದ್ದೆ ಗೋಣಿ ಸುತ್ತಿ, ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಒಣ ತೆಂಗಿನ ಗರಿಯ ಚೂರು ಹಾಸಿದಳು. ಎರಡು ಬಕೆಟ್ಟಿನಿಂದ ಮುಕ್ಕಾಲು ಕಿಲೋ ಬಂತು. ಪುಣೆಯ ಲೆಕ್ಕದಲ್ಲಿ ಕಡಿಮೆಯೇ. ಆದರೆ ಗೋವಾದಲ್ಲಿ ಅದು ಒಳ್ಳೆಯ ಬೆಳೆ, ನಾನು ಮನಸಾರೆ ಹೇಳುತ್ತೇನೆ.

ಕರಾವಳಿಯವರು ತಳಿಯನ್ನೂ ನೋಡಬೇಕು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 2006ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಸೂರ್ಯ ಎಂಬ ತಳಿ ಸೆಕೆ ತಾಳುತ್ತದೆ. ಬಿತ್ತನೆ ಗಡ್ಡೆ ಸಿಕ್ಕರೆ ಬಿಡಬೇಡಿ. ಹಾಸನದವರ ಕೈಗೆ ಒಗ್ಗಿದ ಕುಫ್ರಿ ಜ್ಯೋತಿ ಪುಣೆಯ ಚಳಿಗೆ ಚೆನ್ನಾಗಿ ಬರುತ್ತದೆ, ಕರಾವಳಿಗೆ ಅಷ್ಟಿಲ್ಲ.

ಎರಡನೇ ಕಾರಣ ಗೊಬ್ಬರದ ಪ್ರೀತಿ. ವಾರವಾರ ಯೂರಿಯಾ ನೀರು, ಗೋಮೂತ್ರ, ಕೋಳಿ ಗೊಬ್ಬರ ಹಾಕಿದರೆ ಸಾರಜನಕ ಹೆಚ್ಚಾಗಿ ಗಿಡ ಎಲೆ ಬೆಳೆಸುವುದರಲ್ಲೇ ಕಾಲ ಕಳೆಯುತ್ತದೆ. ಇದರ ಗುರುತು: ಎಲೆ ಕಪ್ಪೆನಿಸುವಷ್ಟು ಹಸಿರು, ಕಾಂಡ ರಸಭರಿತ, ಮುಟ್ಟಿದರೆ ಪಟ್ ಅಂತ ಮುರಿಯುತ್ತದೆ. ನಾಟಿಗೆ ಮೊದಲು ಮಣ್ಣಿಗೆ ಮೂರನೇ ಒಂದು ಪಾಲು ಹಳೇ ಎರೆಗೊಬ್ಬರ ಸೇರಿಸಿದ್ದರೆ ಮೊದಲ 30 ದಿನಕ್ಕೆ ಬೇರೇನೂ ಬೇಡ. ಆಮೇಲೆ ಬೇಕಾಗುವುದು ಪೊಟ್ಯಾಷ್. ಸಲ್ಫೇಟ್ ಆಫ್ ಪೊಟ್ಯಾಷ್ ಒಂದು ಟೀ ಚಮಚ ನೀರಿನಲ್ಲಿ ಕರಗಿಸಿ, ಮಣ್ಣು ಒದ್ದೆ ಇರುವಾಗ ಒಂದು ಬಕೆಟ್ಟಿಗೆ ಕೊಡಿ, ಸಾಕು. ಒಲೆಯ ಬೂದಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಬೂದಿಯಲ್ಲಿ ಪೊಟ್ಯಾಷ್ ಇರುವುದು ನಿಜ. ಆದರೆ ಅದು ಮಣ್ಣನ್ನು ಕ್ಷಾರ ಮಾಡುತ್ತದೆ, ಆಲೂಗಡ್ಡೆಗೆ ಹುಳಿ ಮಣ್ಣು ಬೇಕು. ಬೂದಿ ಹಾಕಿದ ಬಕೆಟ್ಟಿನಲ್ಲಿ ಏನಾಗುತ್ತದೆ ಅಂತ ಕಜ್ಜಿಯ ಮಾತು ಬಂದಾಗ ಹೇಳುತ್ತೇನೆ.

ಮೂರನೆಯದು ನೆರಳು. ಎದುರಿನ ಕಟ್ಟಡ ಅಡ್ಡ ಬಂದು ದಿನಕ್ಕೆ ಎರಡು ಗಂಟೆ ಬಿಸಿಲೂ ಬೀಳದ ಬಾಲ್ಕನಿಯಲ್ಲಿ ಗಿಡ ಬಳ್ಳಿಯಂತೆ ಉದ್ದವಾಗಿ ಜೋತುಬೀಳುತ್ತದೆ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚು. ಐದಾರು ಗಂಟೆ ಬಿಸಿಲು ಸಿಗದ ಕಡೆ ಆಲೂಗಡ್ಡೆ ಬೇಡ, ಪುದೀನ ಹಾಕಿ.

ನಾಲ್ಕನೆಯದು ಅವಸರ. 55ನೇ ದಿನಕ್ಕೇ ಬಕೆಟ್ ಬೋರಲು ಹಾಕಿದರೆ ಗೋಲಿಯೇ ಸಿಗುವುದು. ಗಡ್ಡೆ ದಪ್ಪಗಾಗುವುದು ಕೊನೆಯ ಮೂವತ್ತು ದಿನದಲ್ಲಿ.

ಇದರ ಜೊತೆಗೆ ಇನ್ನೊಂದು ನಂಬಿಕೆ ಇದೆ. ಬಕೆಟ್ ಮೇಲೆ ಬಕೆಟ್ ಇಟ್ಟು ಮಣ್ಣು ಏರಿಸುತ್ತಾ ಹೋದರೆ ಕಾಂಡದ ಉದ್ದಕ್ಕೂ ಗಡ್ಡೆ ಬರುತ್ತದೆ ಅನ್ನುವುದು. ನಮ್ಮಲ್ಲಿ ಸಿಗುವ ತಳಿಗಳಲ್ಲಿ ಹಾಗೆ ಬರುವುದಿಲ್ಲ. ಬಿತ್ತನೆ ಗಡ್ಡೆಯ ಮೇಲಿನ ಒಂದು ಗೇಣಿನೊಳಗೇ ಎಲ್ಲ ಗಡ್ಡೆ. ಮಣ್ಣು ಏರಿಸಬೇಕು, ಖಂಡಿತ. ಅದು ಗಡ್ಡೆಗೆ ಬಿಸಿಲು ತಾಗದಿರಲಿ ಅಂತ. ಗಿಡ ಗೇಣುದ್ದ ಬಂದಾಗ ಒಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ.

ಮೊಳಕೆಯೇ ಮೇಲೆ ಬರಲಿಲ್ಲ

ಮೂರು ವಾರ ಕಳೆದರೂ ಏನೂ ಕಾಣದಿದ್ದರೆ ನಿಧಾನವಾಗಿ ಕೈಯಲ್ಲೇ ಮಣ್ಣು ಸರಿಸಿ ಗಡ್ಡೆ ಹುಡುಕಿ. ಗಟ್ಟಿಯಾಗಿದ್ದು ಮೊಳಕೆ ಇಲ್ಲದಿದ್ದರೆ ಅದು ಇನ್ನೂ ನಿದ್ದೆಯಲ್ಲಿದೆ. ಹೊಸದಾಗಿ ಕಿತ್ತ ಗಡ್ಡೆಗೆ ಎರಡು ತಿಂಗಳ ಆಸುಪಾಸು ವಿಶ್ರಾಂತಿ ಬೇಕು. ಅಂಗಡಿಯ ಆಲೂಗಡ್ಡೆಗೆ ಕೆಲವೊಮ್ಮೆ ಮೊಳಕೆ ಬರದಂತೆ ಔಷಧಿಯನ್ನೂ ಕೊಟ್ಟಿರುತ್ತಾರೆ. ಆದ್ದರಿಂದ ಈರುಳ್ಳಿ, ಆಲೂಗಡ್ಡೆ ಮಾರುವ ಕಾಂದಾ ಬಟಾಟಾ ಅಂಗಡಿಯಿಂದ ತಂದದ್ದನ್ನು ನೇರ ಮಣ್ಣಿಗೆ ಹಾಕಬೇಡಿ. ಮೊಟ್ಟೆ ಟ್ರೇಯಲ್ಲಿ ಕಣ್ಣು (ಮೊಳಕೆ ಬರುವ ಕುಳಿ) ಮೇಲಾಗಿ ಜೋಡಿಸಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿಡಿ. ದಪ್ಪನೆಯ, ಗಿಡ್ಡನೆಯ, ನೇರಳೆ ಛಾಯೆಯ ಮೊಳಕೆ ಬಂದರೆ ಅದು ಬಿತ್ತನೆಗೆ ಲಾಯಕ್ಕು. ಕತ್ತಲೆಯ ಡಬ್ಬದಲ್ಲಿ ಬಂದ ಬಿಳಿ ಉದ್ದ ಮೊಳಕೆ ನೆಡುವಾಗಲೇ ಮುರಿಯುತ್ತದೆ.

ಗಡ್ಡೆ ಮೆತ್ತಗಾಗಿ ನಾತ ಹೊಡೆಯುತ್ತಿದ್ದರೆ ಕೊಳೆತಿದೆ. ಕತ್ತರಿಸಿದ ತಕ್ಷಣ ನೆಟ್ಟಿರುತ್ತೀರಿ, ಅಥವಾ ನೆಟ್ಟ ದಿನವೇ ಕೊಡ ನೀರು ಸುರಿದಿರುತ್ತೀರಿ. ಎರಡು ಮೂರು ಕಣ್ಣಿರುವ, 40ರಿಂದ 50 ಗ್ರಾಂ ತೂಕದ ಹೋಳು ಮಾಡಿ, ನೆರಳಿನಲ್ಲಿ ಎರಡು ದಿನ ಬಿಡಿ. ಕತ್ತರಿಸಿದ ಮುಖ ಒಣಗಿ ತೊಗಲಿನಂತೆ ಆಗಬೇಕು. ಬೆರಳಲ್ಲಿ ಸವರಿದರೆ ಜಿಗುಟು ಇರಬಾರದು. ಊರಲ್ಲಿ ನಮ್ಮ ಅಜ್ಜಿ ಒಂದೊಂದೇ ಹೋಳನ್ನು ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ತಣ್ಣಗೆ ಒದ್ದೆ ಅನ್ನಿಸಿದರೆ ವಾಪಸ್ ಗೋಣಿಯ ಮೇಲೆ. ಪುಣೆಯಲ್ಲಿ ನಾನು ಸಣ್ಣ ಗಡ್ಡೆಗಳನ್ನು ಕತ್ತರಿಸದೆ ಇಡೀ ನೆಡುತ್ತೇನೆ. ಬಕೆಟ್ಟಿನ ಲೆಕ್ಕದಲ್ಲಿ ಅದೇ ಕ್ಷೇಮ.

ಹಗಲು ಬಾಡುತ್ತದೆ

ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಂತರೆ ಅದು ಬಿಸಿಲಿನ ಆಯಾಸ. ಬಕೆಟ್ ಸರಿಸಿ, ಸಾಕು. ಸಂಜೆಯೂ ಏಳದಿದ್ದರೆ ಬೆರಳಿನ ಪರೀಕ್ಷೆ ಮಾಡಿ. ಮಣ್ಣು ಒಣಗಿದ್ದರೆ ನೀರು.

ಮಣ್ಣು ಹದವಾಗಿದೆ, ಎಲೆ ಹಸಿರಾಗಿಯೇ ಇದೆ, ಆದರೂ ಗಿಡ ದಿಢೀರನೆ ಜೋತುಬಿದ್ದಿದೆ. ಆಗ ಹೆದರಬೇಕು. ಸೊರಗು ರೋಗ ಇರಬಹುದು. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬುಡದ ಹತ್ತಿರ ಕಾಂಡವನ್ನು ನಾಲ್ಕು ಬೆರಳು ಉದ್ದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಕಾಂಡವನ್ನು ತೂಗಿಸಿ ಹಿಡಿಯಿರಿ. ಹಿಂದೆ ಕಪ್ಪು ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ. ಅಲುಗಾಡಿಸಬೇಡಿ. ರೋಗ ಇದ್ದರೆ ಕೆಲವೇ ನಿಮಿಷದಲ್ಲಿ ತುದಿಯಿಂದ ತೆಳ್ಳನೆಯ ಬಿಳಿ ಎಳೆ, ಹಾಲಿನ ಹನಿ ನೀರಿಗೆ ಬಿದ್ದು ಹರಡುವಂತೆ, ನೇರ ಕೆಳಗಿಳಿಯುತ್ತದೆ. ಅದು ಬ್ಯಾಕ್ಟೀರಿಯಾ. ನಾನು ಮೊದಲ ಸಲ ಅದನ್ನು ನೋಡಿದಾಗ ಲೋಟ ಹಿಡಿದ ಕೈ ನಡುಗಿತು. ಅಷ್ಟು ದಿನ ಅದೇ ಚಾಕುವಿನಲ್ಲಿ ಉಳಿದ ಬಕೆಟ್ಟುಗಳ ಎಲೆಯನ್ನೂ ಕತ್ತರಿಸಿದ್ದೆ.

ಇದಕ್ಕೆ ಮದ್ದಿಲ್ಲ. ಗಿಡ, ಗಡ್ಡೆ, ಮಣ್ಣು ಎಲ್ಲವನ್ನೂ ಚೀಲಕ್ಕೆ ಕಟ್ಟಿ ಹೊರಹಾಕಿ. ಕಾಂಪೋಸ್ಟಿಗೆ ಬೇಡವೇ ಬೇಡ. ಆ ಮಣ್ಣಿನಲ್ಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಯಾವುದೂ ಉಳಿಯುವುದಿಲ್ಲ, ಎಲ್ಲ ಒಂದೇ ಕುಟುಂಬ. ಬಕೆಟ್, ಚಾಕು ಸೋಪಿನಲ್ಲಿ ತೊಳೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ಬಿಸಿಲಿಗಿಡಿ.

ಎಲೆ ಹಳದಿ

80 ದಿನ ದಾಟಿದ್ದರೆ ಸುಮ್ಮನಿರಿ, ಗಿಡ ಹಣ್ಣಾಗುತ್ತಿದೆ. ನೀರು ಕಡಿಮೆ ಮಾಡಿ. ಅದಕ್ಕೂ ಮೊದಲು ಬುಡದ ಎಲೆ ಹಳದಿಯಾಗಿ ಮಣ್ಣು ಕೆಸರಾಗಿದ್ದರೆ ಬಕೆಟ್ಟಿನ ತೂತು ನೋಡಿ. ಬೇರು ಮುಚ್ಚಿಕೊಂಡಿರುತ್ತದೆ. ತಳದಲ್ಲಿ ಮಾತ್ರ ತೂತಿದ್ದರೆ ನೆಲಕ್ಕೆ ಅಂಟಿ ನೀರು ಹೋಗುವುದಿಲ್ಲ. ಬುಡದಿಂದ ಒಂದು ಇಂಚು ಮೇಲೆ ಪಕ್ಕದಲ್ಲೂ ನಾಲ್ಕು ತೂತು ಕೊರೆಯಿರಿ.

ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾಗಿ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪುಡಿ ಕೂತಿದ್ದರೆ ಅದು ನೀರಿನ ಉಪ್ಪು. ಸೊಸೈಟಿಗೆ ಟ್ಯಾಂಕರ್ ಅಥವಾ ಬೋರ್ ನೀರು ಬರುವವರಿಗೆ ಇದು ಸಾಮಾನ್ಯ. ಹದಿನೈದು ದಿನಕ್ಕೊಮ್ಮೆ ಉಪ್ಪಿಲ್ಲದ ಸಿಹಿನೀರನ್ನು ಕೆಳಗಿನಿಂದ ಹರಿದುಹೋಗುವಷ್ಟು ಹಾಕಿ ಮಣ್ಣು ತೊಳೆಯಿರಿ.

ಕಪ್ಪು ಕಲೆ: ಯಾವ ಅಂಗಮಾರಿ?

ಎಲೆ ಸುಟ್ಟಂತೆ ಮಾಡುವ ರೋಗಕ್ಕೆ ಅಂಗಮಾರಿ ಅನ್ನುತ್ತಾರೆ. ಆಲೂಗಡ್ಡೆಗೆ ಎರಡು ಅಂಗಮಾರಿ. ಒಂದನ್ನು ಸಹಿಸಬಹುದು, ಇನ್ನೊಂದನ್ನು ಆಗದು. ವ್ಯತ್ಯಾಸ ಗೊತ್ತಿರಲೇಬೇಕು.

ಹಳೆಯ, ಕೆಳಗಿನ ಎಲೆಯಲ್ಲಿ ಒಣ ಕಂದು ಕಲೆ. ಹತ್ತಿರದಿಂದ ನೋಡಿದರೆ ಮರದ ದಿಮ್ಮಿ ಕೊಯ್ದ ಹಾಗೆ ಉಂಗುರದೊಳಗೆ ಉಂಗುರ. ಇದು ಮೊದಲ ಅಂಗಮಾರಿ. ಆ ಎಲೆಗಳನ್ನು ಕಿತ್ತುಹಾಕಿ, ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು ಕೊಡಿ, ಬಕೆಟ್ಟುಗಳ ನಡುವೆ ಗಾಳಿ ಆಡಲಿ. ಬೆಳೆ ಸಿಗುತ್ತದೆ.

ಎಲೆಯ ತುದಿ, ಅಂಚಿನಿಂದ ಶುರುವಾಗಿ ಬಿಸಿನೀರು ಬಿದ್ದಂಥ ಕಪ್ಪು ಕಲೆ. ಉಂಗುರ ಇಲ್ಲ. ಕಲೆಯ ಸುತ್ತ ಮಂಕು ಹಸಿರು. ಬೆಳಿಗ್ಗೆ ಬೇಗ ಎದ್ದು ಎಲೆ ತಿರುಗಿಸಿ ನೋಡಿದರೆ ಕಲೆಯ ಅಂಚಿನಲ್ಲಿ ಬಿಳಿ ಬೂಷ್ಟು, ಹತ್ತಿಯ ಧೂಳಿನಷ್ಟು ತೆಳು. ಬಿಸಿಲು ಏರಿದರೆ ಅದು ಕಾಣುವುದಿಲ್ಲ, ಹಾಗಾಗಿ ಏಳೂವರೆಯೊಳಗೆ ನೋಡಿ. ಇದು ಕೊನೆ ಅಂಗಮಾರಿ. 1845ರಲ್ಲಿ ಐರ್ಲೆಂಡಿನಲ್ಲಿ ಶುರುವಾದ ಕ್ಷಾಮಕ್ಕೆ ಇದೇ ಕಾರಣ. ಹಾಸನದಲ್ಲಿ ಮಳೆ ಹಿಡಿದುಕೊಂಡ ವರ್ಷ ಒಂದೇ ವಾರದಲ್ಲಿ ಹೊಲ ಸುಟ್ಟಂತಾಗಿದ್ದನ್ನು ನಾನೇ ಕಂಡಿದ್ದೇನೆ. ಅಪ್ಪ ಬದುವಿನ ಮೇಲೆ ಕೂತು ಎಲೆ ತಿರುಗಿಸಿ ನೋಡಿ, ಏನೂ ಮಾತಾಡದೆ ಎದ್ದು ಬಂದಿದ್ದರು.

ಪುಣೆಯಲ್ಲಿ ಮಂಜು ಕವಿದ, ಮೋಡದ ನಾಲ್ಕೈದು ದಿನ ಒಟ್ಟಿಗೆ ಬಂದರೆ ಇದಕ್ಕೆ ಕಣ್ಣಿಡಿ. ಕಂಡರೆ ಕಾಂಡವನ್ನೇ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಚೀಲಕ್ಕೆ ಕಟ್ಟಿ ಎಸೆಯಿರಿ. ನೀರು ನಿಲ್ಲಿಸಿ. ಎರಡು ವಾರ ಬಿಟ್ಟು ಗಡ್ಡೆ ತೆಗೆಯಿರಿ, ತಕ್ಷಣ ತೆಗೆದರೆ ರೋಗದ ಬೀಜ ಸಿಪ್ಪೆಗೆ ತಾಗುತ್ತದೆ. ಮಲೆನಾಡಿನವರಿಗೆ ಅಡಿಕೆಯಿಂದ ಪರಿಚಯವಿರುವ ಬೋರ್ಡೋ ದ್ರಾವಣ ಇದಕ್ಕೂ ಆಗುತ್ತದೆ. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಆದರೆ ಅದು ರೋಗ ಬರುವ ಮೊದಲು ಹೊಡೆಯುವಂಥದ್ದು, ಬಂದಮೇಲೆ ವಾಸಿ ಮಾಡುವುದಿಲ್ಲ. ಬಾಲ್ಕನಿಯಲ್ಲಿ ಹೊಡೆಯುವುದಾದರೆ ಕೆಳಗಿನ ಮಹಡಿಯವರು ಬಟ್ಟೆ ಒಣಹಾಕಿದ್ದಾರಾ ನೋಡಿ, ನೀಲಿ ಕಲೆ ಹೋಗುವುದಿಲ್ಲ.

ಹುಳುಗಳು

ಹೊಸ ಚಿಗುರು ಕೆಳಮುಖವಾಗಿ ಮುದುಡಿ, ಎಲೆಯ ಹಿಂಭಾಗ ಎಣ್ಣೆ ಸವರಿದಂತೆ ತಾಮ್ರದ ಬಣ್ಣಕ್ಕೆ ತಿರುಗಿದ್ದರೆ ಕಣ್ಣಿಗೆ ಕಾಣದ ನುಸಿ. ಇಲ್ಲಿಯ ರೈತರು ತಾಂಬೇರಾ ಅನ್ನುತ್ತಾರೆ. ನೀರಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ, ಸಂಜೆ ತಂಪಿನಲ್ಲಿ, ಎಲೆಯ ಹಿಂಭಾಗಕ್ಕೆ. ಗಿಡಹೇನಿಗೆ, ಬಿಳಿನೊಣಕ್ಕೆ ಸೋಪು ಬೆರೆಸಿದ ಬೇವಿನೆಣ್ಣೆ ಸಾಕು.

ಗಡ್ಡೆಯಲ್ಲಿ ಅಗಲವಾದ, ಆಳವಿಲ್ಲದ ಕುಳಿ ಇದ್ದರೆ ಗೊಣ್ಣೆಹುಳು. ಅದು ಬರುವುದು ಸರಿಯಾಗಿ ಕಳಿಯದ ಸಗಣಿ ಗೊಬ್ಬರದ ಜೊತೆ. ಗೊಬ್ಬರವನ್ನು ಗೋಣಿಯ ಮೇಲೆ ಹರಡಿ, ಜರಡಿ ಹಿಡಿದು, ಕೈಯಲ್ಲೇ ಆರಿಸಿ ತೆಗೆಯಿರಿ. ನಾನು ಒಂದೇ ಚೀಲದಲ್ಲಿ ಹನ್ನೊಂದು ತೆಗೆದಿದ್ದೇನೆ.

ಕಣ್ಣಿನ ಹತ್ತಿರ ಸೂಜಿ ತೂತು, ಅದರ ಬಾಯಲ್ಲಿ ಕಪ್ಪು ಹಿಕ್ಕೆ ಕಂಡರೆ ಆಲೂಗಡ್ಡೆ ಪತಂಗ. ಇದು ನಮ್ಮ ದೇಶದ್ದಲ್ಲ. 1906ರಲ್ಲಿ ಇಟಲಿಯಿಂದ ತರಿಸಿದ ಬಿತ್ತನೆ ಗಡ್ಡೆಯ ಜೊತೆ ಆಗಿನ ಮುಂಬೈ ಪ್ರಾಂತಕ್ಕೆ ಬಂದದ್ದು, ಇವತ್ತಿಗೂ ಈ ಭಾಗದಲ್ಲಿ ಅದರ ಕಾಟ ಇದ್ದೇ ಇದೆ. ಮಣ್ಣು ಒಣಗಿ ಬಿರುಕು ಬಿಟ್ಟ ಜಾಗದಿಂದ ಇಳಿದು ಗಡ್ಡೆಯ ಮೇಲೆ ಮೊಟ್ಟೆ ಇಡುತ್ತದೆ. ಬಿರುಕು ಬಿಡದಂತೆ ಮಣ್ಣು ಹದವಾಗಿಡಿ, ಗಡ್ಡೆಯ ಮೇಲೆ ನಾಲ್ಕು ಬೆರಳು ಮಣ್ಣು ಇರಲಿ. ಕಿತ್ತ ಗಡ್ಡೆಯನ್ನು ರಾತ್ರಿ ಟೆರೇಸಿನಲ್ಲಿ ತೆರೆದಿಡಬೇಡಿ. ಅದು ಓಡಾಡುವುದು ಕತ್ತಲಾದಮೇಲೆ.

ಗಡ್ಡೆ ಬಂತು, ಆದರೆ ಸರಿಯಿಲ್ಲ

ಹಸಿರು ಬಣ್ಣ: ಬೆಳಕು ತಾಗಿದೆ. ಹಸಿರು ತಾನಾಗಿ ವಿಷವಲ್ಲ, ಆದರೆ ಅದರ ಜೊತೆಗೇ ಸೋಲನೈನ್ ಎಂಬ ಕಹಿ ವಿಷ ಹೆಚ್ಚುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪವೇ ಇದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ, ಜಾಸ್ತಿ ಇದ್ದರೆ ಎಸೆಯಿರಿ. ಮಕ್ಕಳಿಗೆ ಕೊಡಲೇಬೇಡಿ. ಹಾಗೆಯೇ ಗಿಡ ಹೂ ಬಿಟ್ಟು ಸಣ್ಣ ಹಸಿರು ಟೊಮ್ಯಾಟೊದಂಥ ಕಾಯಿ ಕಚ್ಚಿದರೆ ಅದನ್ನೂ ಕಿತ್ತುಹಾಕಿ. ಅದೂ ವಿಷವೇ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ.

ಸಿಪ್ಪೆಯ ಮೇಲೆ ಒರಟು ಕಜ್ಜಿ: ಬೂದಿ ಅಥವಾ ಸುಣ್ಣ ಬಿದ್ದ ಮಣ್ಣು, ಜೊತೆಗೆ ಗಡ್ಡೆ ಕಟ್ಟುವ ಹೊತ್ತಿಗೆ ನೀರಿನ ಕೊರತೆ. ಬಕೆಟ್ಟಿನ ಹೊರಗೆ ಸುಣ್ಣ ಬಳಿಯುವಾಗ ಒಳಗೆ ಬೀಳದಂತೆ ನೋಡಿಕೊಳ್ಳಿ ಅನ್ನುವುದು ಇದಕ್ಕೇ. ಸಿಪ್ಪೆ ತೆಗೆದು ಧಾರಾಳವಾಗಿ ತಿನ್ನಬಹುದು. ಮುಂದಿನ ಸಲ 30ರಿಂದ 55ನೇ ದಿನದವರೆಗೆ ಮಣ್ಣು ಒಣಗಲು ಬಿಡಬೇಡಿ.

ಬಿರುಕು, ಶುಂಠಿಯಂಥ ಗಂಟು, ಒಳಗೆ ಪೊಳ್ಳು: ಮೂರೂ ಒಂದೇ ತಪ್ಪಿನ ಮಕ್ಕಳು. ನಾಲ್ಕು ದಿನ ಒಣಗಿಸಿ ಐದನೇ ದಿನ ಸುರಿದದ್ದು. ಶನಿವಾರ, ಭಾನುವಾರ ಊರಿಗೆ ಹೋಗಿ ಬರುವವರ ಬಕೆಟ್ಟಿನಲ್ಲಿ ಇದು ತಪ್ಪುವುದಿಲ್ಲ. ಪಕ್ಕದ ಮನೆಯವರಿಗೆ ಹೇಳಿ ಹೋಗಿ.

ಸಿಪ್ಪೆಯ ಮೇಲೆ ಬಿಳಿ ಕಾಳಿನಂಥ ಚುಕ್ಕೆ: ನೀರು ಜಾಸ್ತಿಯಾಗಿ ಗಡ್ಡೆಯ ಉಸಿರಾಟದ ರಂಧ್ರ ಬಾಯಿ ಬಿಟ್ಟಿದೆ. ಬೇಗ ತಿಂದು ಮುಗಿಸಿ, ಇಟ್ಟರೆ ಕೊಳೆಯುತ್ತದೆ.

ಮಣ್ಣಿನೊಳಗೇ ಮೊಳಕೆ ಒಡೆದ ಗಡ್ಡೆ: ಕೀಳುವುದು ತಡವಾಗಿದೆ, ಮಣ್ಣು ಕಾದಿದೆ. ಮುಂಬೈಯವರು ಮಾರ್ಚ್ ತನಕ ಕಾದರೆ ಇದು ಖಂಡಿತ.

ಕಿತ್ತ ಗಡ್ಡೆಯನ್ನು ತೊಳೆಯದೆ, ಮಣ್ಣು ಕೊಡವಿ, ಕತ್ತಲೆಯಲ್ಲಿ ಗಾಳಿಯಾಡುವ ಕಡೆ ಹತ್ತು ದಿನ ಹರಡಿಡಿ. ಸಿಪ್ಪೆ ಗಟ್ಟಿಯಾಗುತ್ತದೆ. ಈರುಳ್ಳಿಯ ಬುಟ್ಟಿಯಿಂದ ದೂರ ಇಡಿ. ಬಕೆಟ್ಟಿನ ಹಳೇ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಏಪ್ರಿಲ್, ಮೇ ಬಿಸಿಲಿಗೆ ಬಿಟ್ಟರೆ ಮಳೆಗಾಲಕ್ಕೆ ಮೆಂತ್ಯ, ದಂಟಿಗೆ ಚೆನ್ನಾಗಿ ಆಗುತ್ತದೆ. ಆಲೂಗಡ್ಡೆಗೆ ಮಾತ್ರ ಅದೇ ಮಣ್ಣನ್ನು ಮೂರು ವರ್ಷ ತಿರುಗಿ ಬಳಸಬೇಡಿ. ನಮ್ಮ ಟೆರೇಸಿನ ಒಂಬತ್ತು ಬಕೆಟ್ಟಿನ ಮೇಲೂ ತಾರೀಕಿನ ಕೆಳಗೆ ಹಿಂದಿನ ಬೆಳೆಯ ಹೆಸರೂ ಬರೆದಿದೆ. ಈ ವರ್ಷದ ನಾಟಿ ನವೆಂಬರ್ 6ಕ್ಕೆ ಆಯ್ತು. ಇವತ್ತಿಗೆ 41ನೇ ದಿನ. ಬೆಳಿಗ್ಗೆ ಮಣ್ಣು ಮೆಲ್ಲಗೆ ಸರಿಸಿ ನೋಡಿದೆ. ಮೂರನೇ ಬಕೆಟ್ಟಿನಲ್ಲಿ ಬಿಳಿ ಬಳ್ಳಿಯ ತುದಿ ಬಟಾಣಿಯಷ್ಟು ಉಬ್ಬಿತ್ತು. ಮಣ್ಣು ಮುಚ್ಚಿ, ಒಂದು ಚೊಂಬು ನೀರು ಹಾಕಿ ಬಂದೆ.